ಹ್ಯಾಂಡಿ ಹಿಡಿದು ಉಪಗ್ರಹದ ಮೂಲಕ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಮ್ (ಹವ್ಯಾಸಿ ರೇಡಿಯೊ) ತರಗತಿಗಳಲ್ಲಿ, ಶಾಲೆಗಳ ವಿಜ್ಞಾನ ಮೇಳಗಳಲ್ಲಿ, ಬೆಳಗಿನ ನೆಟ್‌ನಲ್ಲಿ (ರೇಡಿಯೊದಲ್ಲೇ ಸೇರುವ ಕೂಟ), ಪತ್ರ-ಫೋನಿನಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡಿದ್ದೇನೆ. ಹ್ಯಾಂಡಿ ಎಂದರೆ ಕೈಯಲ್ಲಿ ಹಿಡಿಯುವ ಚಿಕ್ಕ ರೇಡಿಯೊ ಸೆಟ್ಟು. ಪಾಸ್ ಎಂದರೆ ಉಪಗ್ರಹ ನಮ್ಮ ಆಕಾಶವನ್ನು ಒಮ್ಮೆ ಹಾದುಹೋಗುವುದು. ಹೊಸಬರು ಮೊದಲಿನಿಂದ ಓದಿ. ಒಂದೆರಡು ಪಾಸ್ ಹಿಡಿದವರು ಡಾಪ್ಲರ್ ಪ್ರಶ್ನೆಯಿಂದ ಶುರು ಮಾಡಿದರೂ ನಡೆಯುತ್ತದೆ.

## ಶುರು ಮಾಡುವ ಮೊದಲು

ಐದು ವ್ಯಾಟಿನ ಹ್ಯಾಂಡಿ ಅಷ್ಟು ಎತ್ತರಕ್ಕೆ ಮುಟ್ಟುತ್ತಾ ಸಾರ್? ನಮ್ಮೂರ ರಿಪೀಟರೇ ಸರಿಯಾಗಿ ಸಿಗಲ್ಲ!

ಮುಟ್ಟುತ್ತದೆ. ನಿಮ್ಮೂರ ರಿಪೀಟರಿಗೂ (ಬಂದ ದನಿಯನ್ನು ಹಿಡಿದು ಮತ್ತೆ ಕಳಿಸುವ ಯಂತ್ರ) ನಿಮಗೂ ನಡುವೆ ಗುಡ್ಡ, ಕಾಂಕ್ರೀಟ್ ಕಟ್ಟಡ, ತೆಂಗಿನ ತೋಟ ಎಲ್ಲ ಇರುತ್ತವೆ. ಹ್ಯಾಂಡಿಯ ವಿಎಚ್‌ಎಫ್, ಯುಎಚ್‌ಎಫ್ ಅಲೆಗಳು ಅವನ್ನು ದಾಟಲು ತಿಣುಕುತ್ತವೆ. ತಲೆಯ ಮೇಲೆ ಹಾದುಹೋಗುವ ಉಪಗ್ರಹಕ್ಕೂ ನಿಮಗೂ ನಡುವೆ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಅದೂ ಸ್ವಲ್ಪ ದೂರಕ್ಕಷ್ಟೇ.

ಆದರೆ ದೂರದ ಲೆಕ್ಕ ಒಂದು ತಿಳಿದಿರಲಿ. 650 ಕಿಲೋಮೀಟರ್ ಎತ್ತರದ ಉಪಗ್ರಹ ನೆತ್ತಿಯ ಮೇಲಿದ್ದಾಗ 650 ಕಿಲೋಮೀಟರ್ ದೂರದಲ್ಲಿರುತ್ತದೆ. ದಿಗಂತದ ಅಂಚಿನಲ್ಲಿದ್ದಾಗ ಅದೇ ಉಪಗ್ರಹ ಸುಮಾರು 2,950 ಕಿಲೋಮೀಟರ್ ದೂರ. ಅಂದರೆ ನಿಮಗೆ ಮುಟ್ಟುವ ಶಕ್ತಿ ಇಪ್ಪತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹ್ಯಾಂಡಿ ಹಿಡಿದವರು ಎತ್ತರಕ್ಕೆ ಏರುವ ಪಾಸುಗಳನ್ನೇ ಹುಡುಕುವುದು ಇದಕ್ಕೇ.

ಈ ಹ್ಯಾಮ್ ಉಪಗ್ರಹಗಳು ಯಾರವು? ಇಸ್ರೋದವಾ?

ಹೆಚ್ಚಿನವನ್ನು ಹವ್ಯಾಸಿಗಳೂ ಕಾಲೇಜಿನ ಹುಡುಗ ಹುಡುಗಿಯರೂ ಕಟ್ಟಿದ್ದಾರೆ. ಮೊದಲನೆಯದು ಆಸ್ಕರ್-1. 1961ರ ಡಿಸೆಂಬರ್ 12ರಂದು ಹಾರಿ, ಮೂರು ವಾರ ಮೋರ್ಸ್‌ನಲ್ಲಿ (ಚುಕ್ಕಿ-ಗೀಟುಗಳ ಸಂಕೇತ) 'ಹಾಯ್' ಎಂದಷ್ಟೇ ಹೇಳುತ್ತಿತ್ತು. ಜಗತ್ತಿನ ಮೊದಲ ಕೃತಕ ಉಪಗ್ರಹ ಹಾರಿ ಆಗಿನ್ನೂ ನಾಲ್ಕೇ ವರ್ಷ.

ನಮ್ಮದೂ ಒಂದಿತ್ತು, ಹ್ಯಾಮ್‌ಸ್ಯಾಟ್. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ ಕಾರ್ಟೊಸ್ಯಾಟ್-1 ಜೊತೆಗೆ ಅದನ್ನೂ ಶ್ರೀಹರಿಕೋಟಾದಿಂದ ಹೊತ್ತೊಯ್ದಿತು. ತೂಕ 42.5 ಕಿಲೋ. ಒಳಗೆ ಎರಡು ಟ್ರಾನ್ಸ್‌ಪಾಂಡರ್ (ಒಂದು ಬ್ಯಾಂಡಿನಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಮರಳಿ ಕಳಿಸುವ ಯಂತ್ರ), ಒಂದು ಭಾರತೀಯ ಹವ್ಯಾಸಿಗಳದ್ದು, ಇನ್ನೊಂದು ನೆದರ್‌ಲ್ಯಾಂಡ್ಸ್‌ನ ಹವ್ಯಾಸಿಯೊಬ್ಬರದ್ದು. ಜಗತ್ತಿನ ಹ್ಯಾಮ್‌ಗಳು ಅದನ್ನು ವಿಒ-52 ಎಂದು ಕರೆದರು. ಒಂಬತ್ತು ವರ್ಷ ದುಡಿದು, 2014ರ ಜುಲೈನಲ್ಲಿ ಬ್ಯಾಟರಿ ಕೈಕೊಟ್ಟು ನಿಂತುಹೋಯಿತು. ಅದರ ದನಿ ಕೇಳಿದವರಿಗೆ ಇಂದಿಗೂ ಆ ಹೆಸರೆಂದರೆ ಮನೆಯವರ ಹೆಸರು ಕೇಳಿದಂತೆ. 2010ರ ಜುಲೈ 12ರಂದು ಹಾರಿದ ಸ್ಟಡ್‌ಸ್ಯಾಟ್ ಕೂಡ ಇಲ್ಲಿ ನೆನೆಯಬೇಕಾದದ್ದು. ಬೆಂಗಳೂರು ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗಿಂತ ಕಡಿಮೆ ತೂಕದ ಆ ಪೆಟ್ಟಿಗೆಯೂ ಹ್ಯಾಮ್ ಬ್ಯಾಂಡಿನಲ್ಲೇ ಮೋರ್ಸ್ ಕಳಿಸುತ್ತಿತ್ತು.

ಲೈಸೆನ್ಸ್ ಇನ್ನೂ ಬಂದಿಲ್ಲ. ಸುಮ್ನೆ ಕೇಳಿಸ್ಕೊಳ್ಳೋಕೆ ಒಂದು ಸೆಟ್ ತಗೋಬಹುದಾ?

ಬೇಡ. ಭಾರತದಲ್ಲಿ ಪ್ರಸಾರ ಮಾಡಬಲ್ಲ ಸೆಟ್ಟನ್ನು ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕು. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತುವುದಿಲ್ಲ ಎಂಬ ಮಾತು ನಡೆಯುವುದಿಲ್ಲ. ಅಲ್ಲಿಯವರೆಗೆ ಬ್ರೌಸರ್‌ನಲ್ಲೇ ತೆರೆಯುವ ವೆಬ್‌ಎಸ್‌ಡಿಆರ್ ರಿಸೀವರ್‌ಗಳಲ್ಲಿ ಬೇರೆ ದೇಶಗಳ ಮೇಲಿನ ಪಾಸುಗಳನ್ನು ಕೇಳಿ. ಅಥವಾ ಲೈಸೆನ್ಸ್ ಇರುವ ಯಾರಾದರೂ ಹ್ಯಾಮ್ ಜೊತೆ ಮಾಳಿಗೆ ಹತ್ತಿ. ಕರೆದರೆ ಸಂತೋಷದಿಂದ ಬರುವವರೇ ಹೆಚ್ಚು.

ಪರೀಕ್ಷೆ ಕಷ್ಟನಾ? ಮೋರ್ಸ್ ಕಲೀಲೇಬೇಕಾ?

ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಬರಬೇಕು. ಹನ್ನೆರಡು ವರ್ಷ ತುಂಬಿದವರೆಲ್ಲ ಕೂರಬಹುದು. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಜಾಲತಾಣದ ಮೂಲಕ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ತರಬೇತಿ ಕೊಡುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಟೆಕ್ನಿಷಿಯನ್ ಲೈಸೆನ್ಸ್ ಸಾಕು, 35 ಪ್ರಶ್ನೆಗಳಲ್ಲಿ 26 ಸರಿಯಾದರೆ ಪಾಸು.

## ಸೆಟ್ಟು ಮತ್ತು ಆಂಟೆನಾ

ಯಾವ ಸೆಟ್ ತಗೊಳ್ಳೋದು? ಅಗ್ಗದ್ದು ಸಾಕಾ?

ಶುರುವಿಗೆ ಸಾಕು. ಎರಡು ಬ್ಯಾಂಡ್ ಇರಬೇಕು, 144–146 ಮೆಗಾಹರ್ಟ್ಸ್ (ಎರಡು ಮೀಟರ್ ಬ್ಯಾಂಡ್) ಮತ್ತು 434–438 ಮೆಗಾಹರ್ಟ್ಸ್ (70 ಸೆಂಟಿಮೀಟರ್ ಬ್ಯಾಂಡ್). ಒಂದು ಬ್ಯಾಂಡಿನಲ್ಲಿ ಕಳಿಸಿ ಇನ್ನೊಂದರಲ್ಲಿ ಕೇಳುವಂತೆ ಒಂದೇ ಚಾನೆಲ್‌ನಲ್ಲಿ ತುಂಬಿಸಲು ಬರಬೇಕು. ಸಿಟಿಸಿಎಸ್ಎಸ್ ಟೋನ್, ಅಂದರೆ ಮಾತಿನ ಜೊತೆಗೆ ಹೋಗಿ ರಿಪೀಟರನ್ನು ತೆರೆಯುವ ಸಣ್ಣ ಸ್ವರ, ಇರಬೇಕು. ಸ್ಕ್ವೆಲ್ಚ್, ಅಂದರೆ ದುರ್ಬಲ ಸದ್ದನ್ನು ತಡೆಯುವ ಬಾಗಿಲು, ಪೂರ್ತಿ ತೆರೆಯಲು ಬರಬೇಕು. ಬಣ್ಣದ ಪರದೆಯಿಂದ ಉಪಗ್ರಹದ ಕೆಲಸಕ್ಕೆ ಏನೂ ಲಾಭವಿಲ್ಲ. ಮಿಕ್ಕ ದುಡ್ಡನ್ನು ಆಂಟೆನಾಕ್ಕೆ ಹಾಕಿ.

ಸೆಟ್ ಜೊತೆ ಬಂದ ಗಿಡ್ಡ ಆಂಟೆನಾದಲ್ಲೇ ಆಗುತ್ತಾ?

ಬಾಹ್ಯಾಕಾಶ ನಿಲ್ದಾಣ ಎತ್ತರದಲ್ಲಿ ಹಾದುಹೋಗುವಾಗ ಕೇಳಿಸುತ್ತದೆ, ಒಮ್ಮೊಮ್ಮೆ ಮಾತೂ ಆಗುತ್ತದೆ. ಎಸ್‌ಒ-50ರಂಥ ಉಪಗ್ರಹ ಕಳಿಸುವುದೇ ಕಾಲು ವ್ಯಾಟ್. ಅದಕ್ಕೆ ಗಿಡ್ಡ ಆಂಟೆನಾ ಸಾಲದು. ಒಂದೂವರೆ ಅಡಿಯ ಉದ್ದ ವಿಪ್ (ಬಾಗುವ ಕಡ್ಡಿ ಆಂಟೆನಾ) ಹಾಕಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಉಪಗ್ರಹದ ಕಡೆಗೆ ಆಂಟೆನಾದ ತುದಿಯನ್ನು ಚಾಚುತ್ತಾರೆ. ಕಡ್ಡಿ ಆಂಟೆನಾ ತುದಿಯಿಂದ ಏನನ್ನೂ ಹೊಮ್ಮಿಸುವುದಿಲ್ಲ, ಪಕ್ಕದಿಂದ ಹೊಮ್ಮಿಸುತ್ತದೆ. ಉಪಗ್ರಹ ನೆತ್ತಿಯ ಮೇಲಿದ್ದರೆ ಸೆಟ್ಟನ್ನು ಅಡ್ಡಲಾಗಿ, ಕೊಳಲು ಹಿಡಿದ ಹಾಗೆ ಹಿಡಿಯಿರಿ.

ಯಾಗಿ ಆಂಟೆನಾ ಮನೇಲೇ ಮಾಡ್ಕೋಬಹುದಾ?

ಖಂಡಿತ. ಯಾಗಿ ಎಂದರೆ ಒಂದೇ ದಿಕ್ಕಿಗೆ ಗುರಿಯಿಡುವ, ಸಾಲು ಕಡ್ಡಿಗಳ ಆಂಟೆನಾ. ಪಿವಿಸಿ ಪೈಪು, ಹಾರ್ಡ್‌ವೇರ್ ಅಂಗಡಿಯ ಉಕ್ಕಿನ ಅಳತೆ ಟೇಪು, ಕ್ಲ್ಯಾಂಪು, ಒಂದು ತುಂಡು ಕೋಆಕ್ಸ್ ಕೇಬಲ್ ಇಷ್ಟೇ ಸಾಮಾನು. ಎರಡು ಮೀಟರ್ ಬ್ಯಾಂಡಿನ ಕಡ್ಡಿ ಸುಮಾರು ಒಂದು ಮೀಟರ್ ಉದ್ದ, 70 ಸೆಂಟಿಮೀಟರ್ ಬ್ಯಾಂಡಿನದು ಸುಮಾರು ಮೂರನೇ ಒಂದು ಮೀಟರ್. ಟೇಪಿನ ಬಣ್ಣವನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ಲೋಹ ಹೊಳೆದ ಮೇಲೆಯೇ ಬೆಸುಗೆ ಹಾಕಿ. ಇಲ್ಲವಾದರೆ ಬೆಸುಗೆ ಕೂತಂತೆ ಕಾಣುತ್ತದೆ, ಬಾಗಿಸಿದೊಡನೆ ಎದ್ದು ಬರುತ್ತದೆ. ಟೇಪಿನದು ಮಡಚಿ ಚೀಲಕ್ಕೆ ಹಾಕಿಕೊಳ್ಳಲು ಬರುತ್ತದೆ, ಬಸ್ಸಿನಲ್ಲಿ ಓಡಾಡುವವರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಒಂದೇ ಮಾಡುವ ಪುರುಸೊತ್ತಿದ್ದರೆ 70 ಸೆಂಟಿಮೀಟರಿನದನ್ನು ಮಾಡಿ. ನೀವು ಕಳಿಸುವುದು 5 ವ್ಯಾಟ್, ಉಪಗ್ರಹ ಈ ಬ್ಯಾಂಡಿನಲ್ಲಿ ಕಳಿಸುವುದು ಕಾಲು ವ್ಯಾಟ್. ಸಹಾಯ ಬೇಕಿರುವುದು ಕೇಳುವ ಕಡೆಗೆ.

## ಮೊದಲ ಪಾಸ್

ಉಪಗ್ರಹ ಯಾವಾಗ ಬರುತ್ತೆ, ಯಾವ ದಿಕ್ಕಿಗೆ ಅಂತ ಗೊತ್ತಾಗೋದು ಹೇಗೆ?

ಲುಕ್4ಸ್ಯಾಟ್, ಐಎಸ್‌ಎಸ್ ಡಿಟೆಕ್ಟರ್, ಹೆವೆನ್ಸ್-ಅಬವ್ ಇವುಗಳಲ್ಲಿ ಯಾವುದಾದರೊಂದು ಫೋನಿನಲ್ಲಿರಲಿ. ನಿಮ್ಮ ಊರು ಹಾಕಿದರೆ ಹುಟ್ಟುವ ಹೊತ್ತು, ಮುಳುಗುವ ಹೊತ್ತು, ಏರುವ ಎತ್ತರ ಎಲ್ಲ ತೋರಿಸುತ್ತವೆ. ಕಕ್ಷೆಯ ಅಂಕಿಗಳನ್ನು ವಾರಕ್ಕೊಮ್ಮೆಯಾದರೂ ಹೊಸದು ಮಾಡಿಕೊಳ್ಳಿ.

ಪಾಸಿಗೆ ಹದಿನೈದು ನಿಮಿಷ ಮೊದಲೇ ಮಾಳಿಗೆಗೆ ಹೋಗಿ, ದಿಕ್ಕುಗಳಿಗೆ ಗುರುತು ಹಿಡಿದುಕೊಳ್ಳಿ. 'ನೈಋತ್ಯಕ್ಕೆ ನೀರಿನ ಟ್ಯಾಂಕು, ಈಶಾನ್ಯಕ್ಕೆ ದೇವಸ್ಥಾನದ ಗೋಪುರ' ಎಂದು. ಕೈಯಲ್ಲಿ ಆಂಟೆನಾ, ಸೆಟ್ಟು ಎರಡೂ ಇರುವಾಗ ಫೋನಿನ ದಿಕ್ಸೂಚಿ ನೋಡುತ್ತ ನಿಲ್ಲಲು ಆಗುವುದಿಲ್ಲ. ಬಾಹ್ಯಾಕಾಶ ನಿಲ್ದಾಣ ನಮ್ಮ ಆಕಾಶದಲ್ಲಿ ನೈಋತ್ಯದಿಂದ ಈಶಾನ್ಯಕ್ಕೋ ವಾಯವ್ಯದಿಂದ ಆಗ್ನೇಯಕ್ಕೋ ಹೋಗುತ್ತದೆ. ನೆತ್ತಿಯ ಮೇಲೆ ಹಾಯ್ದರೂ ಅಂಚಿನಿಂದ ಅಂಚಿಗೆ ಹತ್ತೇ ನಿಮಿಷ.

ಮೊದಲು ಯಾವ ಉಪಗ್ರಹ ಹಿಡಿಯಲಿ?

ಬಾಹ್ಯಾಕಾಶ ನಿಲ್ದಾಣ. ಅದರೊಳಗಿನ ಹ್ಯಾಮ್ ರಿಪೀಟರ್ 2020ರ ಸೆಪ್ಟೆಂಬರ್‌ನಲ್ಲಿ ಚಾಲೂ ಆಯಿತು. ಕೇಳುವುದು 437.800, ಕಳಿಸುವುದು 145.990 ಮೆಗಾಹರ್ಟ್ಸ್, ಟೋನ್ 67.0 ಹರ್ಟ್ಸ್. ದನಿ ಗಟ್ಟಿ. ಸಂಜೆಯ ಪಾಸಾದರೆ ನಿಲ್ದಾಣ ಕಣ್ಣಿಗೂ ಕಾಣುತ್ತದೆ, ಆಂಟೆನಾವನ್ನು ಆ ಬೆಳಕಿನ ಚುಕ್ಕಿಯ ಮೇಲೇ ಇಟ್ಟು ನಡೆಸಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗಲಾರ.

ಆಮೇಲೆ ಎಸ್‌ಒ-50. ಸೌದಿ ಅರೇಬಿಯಾದ್ದು, 2002ರ ಡಿಸೆಂಬರ್‌ನಲ್ಲಿ ಹಾರಿದ್ದು, ಇಪ್ಪತ್ತು ವರ್ಷ ದಾಟಿದ ಮೇಲೂ ದುಡಿದ ಗಟ್ಟಿಗ. ಕೇಳುವುದು 436.795, ಕಳಿಸುವುದು 145.850, ಟೋನ್ 67.0.

ಮೂರನೆಯದು ನಮ್ಮ ಭಾಗಕ್ಕೆಂದೇ ಮಾಡಿದಂತಿದೆ. ಇಂಡೊನೇಷ್ಯಾದ ಐಒ-86, ಆಸ್ಟ್ರೊಸ್ಯಾಟ್ ಜೊತೆ 2015ರ ಸೆಪ್ಟೆಂಬರ್ 28ರಂದು ನಮ್ಮದೇ ಪಿಎಸ್‌ಎಲ್‌ವಿಯಲ್ಲಿ ಹೋದದ್ದು. ಅದರ ಕಕ್ಷೆ ಭೂಮಧ್ಯರೇಖೆಗೆ ಕೇವಲ 6 ಡಿಗ್ರಿ ಓರೆ. ಹಾಗಾಗಿ ಅಮೆರಿಕ, ಯುರೋಪಿನ ಬಹುಪಾಲು ಹ್ಯಾಮ್‌ಗಳಿಗೆ ಅದು ಕಾಣುವುದೇ ಇಲ್ಲ. ನಮಗೆ ಸುಮಾರು ಒಂದು ಮುಕ್ಕಾಲು ಗಂಟೆಗೊಮ್ಮೆ ಬರುತ್ತದೆ! ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ. ಬೆಂಗಳೂರಿನಿಂದ ನೋಡಿದರೆ ಹೆಚ್ಚೆಂದರೆ ಸುಮಾರು 35 ಡಿಗ್ರಿ ಏರುತ್ತದೆ, ಕಲಬುರಗಿಯಿಂದ 20ರ ಆಸುಪಾಸು. ಕೇಳುವುದು 435.880, ಕಳಿಸುವುದು 145.880, ಟೋನ್ 88.5. ಅದರ ರಿಪೀಟರನ್ನು ನಿಗದಿ ಮಾಡಿದ ಹೊತ್ತಿಗಷ್ಟೇ ಚಾಲೂ ಮಾಡುತ್ತಾರೆ.

ಯಾವುದನ್ನೇ ಹಿಡಿಯಹೊರಟರೂ ಮೊದಲು ಹ್ಯಾಮ್ ಉಪಗ್ರಹಗಳ ಸಂಸ್ಥೆ ಆಮ್‌ಸ್ಯಾಟ್‌ನ ಸ್ಥಿತಿಪಟ್ಟಿ ನೋಡಿ. ಇವತ್ತು ಯಾರಿಗೆ ಕೇಳಿಸಿತು, ಯಾರಿಗೆ ಇಲ್ಲ ಎಂದು ಜಗತ್ತಿನ ಹ್ಯಾಮ್‌ಗಳು ಅಲ್ಲಿ ಬರೆದಿರುತ್ತಾರೆ. ಬ್ಯಾಟರಿ ಸೋತ ಉಪಗ್ರಹ ನೆರಳಿಗೆ ಹೋದಾಗ ಮೌನವಾಗುತ್ತದೆ, ನಿಲ್ದಾಣದ ರೇಡಿಯೊವನ್ನೂ ಬೇರೆ ಕೆಲಸಕ್ಕೆ ತಿರುಗಿಸಿರುವುದುಂಟು.

ಎಲ್ಲ ಸರಿಯಾಗಿ ಇಟ್ಟಿದ್ದೆ, ಏನೂ ಕೇಳಿಸಲೇ ಇಲ್ಲ. ಎಲ್ಲಿ ತಪ್ಪಿತು?

ಹತ್ತರಲ್ಲಿ ಒಂಬತ್ತು ಸಲ ಉತ್ತರ ಸ್ಕ್ವೆಲ್ಚ್. ನನ್ನ ಮೊದಲ ನಾಲ್ಕು ಪಾಸುಗಳು ಹೀಗೇ ಹೋದವು. ಸೆಟ್ಟು ಸದ್ದಿಲ್ಲದೆ ಕೂತಿತ್ತು, ಉಪಗ್ರಹವೇ ಇಲ್ಲವೆಂದುಕೊಂಡೆ. ಐದನೆಯ ಸಲ ಹಿರಿಯ ಹ್ಯಾಮ್ ಒಬ್ಬರು ಪಕ್ಕದಲ್ಲಿ ನಿಂತು, ಏನೂ ಹೇಳದೆ ಸ್ಕ್ವೆಲ್ಚ್ ಸೊನ್ನೆಗೆ ಇಳಿಸಿದರು. ಬಾಣಲೆಗೆ ಒಗ್ಗರಣೆ ಬಿದ್ದಂತೆ ಚೊರ್ರೆಂದು ಗದ್ದಲ ಶುರುವಾಯಿತು. ಎರಡು ನಿಮಿಷದ ಮೇಲೆ ಆ ಗದ್ದಲ ತೆಳುವಾಗುತ್ತ ಬಂತು, ಅದರಡಿಯಿಂದ ಒಬ್ಬರ ದನಿ ಎದ್ದಿತು. ದುರ್ಬಲ ದನಿ ಸ್ಕ್ವೆಲ್ಚ್‌ನ ಬಾಗಿಲು ತಳ್ಳಲಾರದು. ಬಾಗಿಲನ್ನೇ ತೆಗೆದಿಡಿ. ಗದ್ದಲ ಕಡಿಮೆಯಾಗುವುದೇ ಉಪಗ್ರಹ ಬಂದ ಸೂಚನೆ.

ಎರಡನೆಯದು ಮಣಿಕಟ್ಟು. ಉಪಗ್ರಹ ಉರುಳುತ್ತ ಸಾಗುತ್ತದೆ. ಅದರ ಅಲೆ ಅಡ್ಡಲಾಗಿದ್ದು ನಿಮ್ಮ ಆಂಟೆನಾ ನೆಟ್ಟಗಿದ್ದರೆ ದನಿ ನೆಲ ಕಚ್ಚುತ್ತದೆ. ದಿಕ್ಕು ಬದಲಿಸಬೇಡಿ, ಬೀಗದ ಕೈ ತಿರುಗಿಸುವ ಹಾಗೆ ಆಂಟೆನಾವನ್ನು ತಿರುಗಿಸಿ. ಎಲ್ಲಿ ದನಿ ಗಟ್ಟಿಯಾಯಿತೋ ಅಲ್ಲಿ ನಿಲ್ಲಿಸಿ. ಅರ್ಧ ನಿಮಿಷದಲ್ಲಿ ಮತ್ತೆ ತಿರುಗಿಸಬೇಕಾಗುತ್ತದೆ. ಇದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ.

ಮೂರನೆಯದು, ಕೇಳುವ ಕಡೆಗೂ ಟೋನ್ ಹಾಕಿಬಿಟ್ಟಿರುತ್ತಾರೆ. ಟೋನ್ ಕಳಿಸುವಾಗ ಮಾತ್ರ.

ಪಾಸ್ ಶುರುವಲ್ಲಿ ದನಿ ಚೆನ್ನಾಗಿರುತ್ತೆ, ಆಮೇಲೆ ಒಡೆದು ಹೋಗುತ್ತೆ. ಸೆಟ್ ಕೆಟ್ಟಿದೆಯಾ?

ಸೆಟ್ ಸರಿಯಾಗಿದೆ. ರೈಲು ಹತ್ತಿರ ಬರುವಾಗ ಸೀಟಿ ಏರುದನಿ, ದಾಟಿ ಹೋಗುವಾಗ ಇಳಿದನಿ. ಅದೇ ಡಾಪ್ಲರ್. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವುದರಿಂದ 70 ಸೆಂಟಿಮೀಟರ್ ಬ್ಯಾಂಡಿನಲ್ಲಿ ಫ್ರೀಕ್ವೆನ್ಸಿ ಶುರುವಿನಲ್ಲಿ ಸುಮಾರು 10 ಕಿಲೋಹರ್ಟ್ಸ್ ಮೇಲೆ, ಕೊನೆಯಲ್ಲಿ ಅಷ್ಟೇ ಕೆಳಗೆ ಇರುತ್ತದೆ.

ಎಸ್‌ಒ-50ಕ್ಕೆ ಐದು ಚಾನೆಲ್ ತುಂಬಿಡಿ: 436.805, 436.800, 436.795, 436.790, 436.785. ಐದರಲ್ಲೂ ಕಳಿಸುವುದು 145.850 ಮತ್ತು ಟೋನ್ 67.0. ಮೊದಲನೆಯದರಲ್ಲಿ ಶುರು ಮಾಡಿ, ದನಿ ಒಡೆದಾಗ ಮುಂದಿನದಕ್ಕೆ ಹೋಗಿ. ಉಪಗ್ರಹ ಎತ್ತರದಲ್ಲಿರುವಾಗ ಬದಲಾವಣೆ ತುಂಬ ಚುರುಕು, ನಡುವಿನ ಮೂರು ಚಾನೆಲ್ ಬೇಗ ಬೇಗ ದಾಟಬೇಕಾಗುತ್ತದೆ. ನಿಲ್ದಾಣಕ್ಕೂ ಹೀಗೇ, 437.810ರಿಂದ 437.790ರವರೆಗೆ. ಕಳಿಸುವ ಎರಡು ಮೀಟರ್ ಬ್ಯಾಂಡಿನಲ್ಲಿ ಜರುಗುವುದು ಮೂರೂವರೆ ಕಿಲೋಹರ್ಟ್ಸ್ ಅಷ್ಟೇ, ಎಫ್‌ಎಂನಲ್ಲಿ ಅದನ್ನು ಮುಟ್ಟಬೇಕಿಲ್ಲ.

## ಮಾತಾಡುವಾಗ

ಸಿಕ್ಕಿದ ಮೇಲೆ ಏನು ಹೇಳಬೇಕು? ಕನ್ನಡದಲ್ಲಿ ಮಾತಾಡಬಹುದಾ?

ಇಡೀ ಉಪಗ್ರಹಕ್ಕೆ ಒಂದೇ ಚಾನೆಲ್. ಎಸ್‌ಒ-50 ಒಮ್ಮೆಗೆ ಕಾಣುವ ನೆಲ ಐದು ಸಾವಿರ ಕಿಲೋಮೀಟರಿಗೂ ಅಗಲ, ಬೆಂಗಳೂರಿನವರ ಜೊತೆ ದುಬೈಯವರೋ ಸಿಂಗಪುರ, ಜಕಾರ್ತದವರೋ ಒಂದೇ ಪಾಸಿನಲ್ಲಿ ಕೂತಿರಬಹುದು. ಆದ್ದರಿಂದ ಮಾತು ಚಿಕ್ಕದಿರಲಿ. ಮೊದಲು ಒಂದು ನಿಮಿಷ ಸುಮ್ಮನೆ ಕೇಳಿ. ನಡುವೆ ಖಾಲಿ ಸಿಕ್ಕಾಗ ನಿಮ್ಮ ಕಾಲ್‌ಸೈನ್ (ಲೈಸೆನ್ಸಿನಲ್ಲಿ ಕೊಟ್ಟ ಕರೆಹೆಸರು) ಮತ್ತು ಗ್ರಿಡ್ ಹೇಳಿ. ಗ್ರಿಡ್ ಎಂಕೆ82 ಆದರೆ 'ಮೈಕ್ ಕಿಲೋ ಎಯ್ಟ್ ಟೂ'. ಅವರು ತಮ್ಮದನ್ನು ಹೇಳುತ್ತಾರೆ, ನೀವು 'ಕ್ಯುಎಸ್ಎಲ್, 73' (ಸಿಕ್ಕಿತು, ಶುಭಾಶಯ) ಎನ್ನುತ್ತೀರಿ. ಒಂದು ಸಂಪರ್ಕ ಮುಗಿಯಿತು. ಹವಾಮಾನ, ಸೆಟ್ಟಿನ ಹೆಸರು, ಆಂಟೆನಾದ ವರ್ಣನೆ ಎಲ್ಲ ನೆಲದ ರಿಪೀಟರಿನಲ್ಲಿ ಆಗಲಿ.

ಗ್ರಿಡ್ ಎಂದರೆ ಭೂಮಿಯನ್ನು ಚೌಕಗಳಾಗಿ ಹಂಚಿದ ಗುರುತು. ಬೆಂಗಳೂರು, ಮೈಸೂರು ಎಂಕೆ82. ಮಂಗಳೂರು, ಮಡಿಕೇರಿ ಎಂಕೆ72. ಶಿವಮೊಗ್ಗ ಎಂಕೆ73, ಹುಬ್ಬಳ್ಳಿ ಎಂಕೆ75, ಬಳ್ಳಾರಿ ಎಂಕೆ85, ಕಲಬುರಗಿ ಎಂಕೆ87. ಗ್ರಿಡ್ ಸಂಗ್ರಹಿಸುವವರಿಗೆ ಬೆಂಗಳೂರಿಗಿಂತ ಉತ್ತರ ಕರ್ನಾಟಕದ ಚೌಕಗಳೇ ಅಪರೂಪ. ಆ ಕಡೆಯಿಂದ ಯಾರಾದರೂ ಮಾಳಿಗೆ ಹತ್ತಿದರೆ ಕಾದಿದ್ದು ಕರೆಯುವವರಿದ್ದಾರೆ.

ಕನ್ನಡಕ್ಕೆ ಅಡ್ಡಿಯಿಲ್ಲ. ಎದುರಿನವರು ಕನ್ನಡಿಗರೆಂದು ತಿಳಿದಾಗ 'ನಮಸ್ಕಾರ, ಚೆನ್ನಾಗಿ ಕೇಳ್ತಿದೆ' ಎನ್ನುವ ಸುಖವೇ ಬೇರೆ. ಆದರೆ ಕಾಲ್‌ಸೈನ್ ಮತ್ತು ಗ್ರಿಡ್ಡನ್ನು ಎಲ್ಲರಿಗೂ ತಿಳಿಯುವ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲೇ ಹೇಳಿ, ಚಾನೆಲ್ ಖಾಲಿಯಾಯಿತೆಂದು ಉಳಿದವರಿಗೂ ಗೊತ್ತಾಗಬೇಕು.

ಫೋನಿನಲ್ಲಿ ಇಡೀ ಪಾಸನ್ನು ರೆಕಾರ್ಡ್ ಮಾಡಿಕೊಳ್ಳಿ. ಬರೆದುಕೊಳ್ಳಲು ಮೂರನೆಯ ಕೈ ಇಲ್ಲ. ಲಾಗ್ (ಸಂಪರ್ಕಗಳ ದಾಖಲೆ) ಇಡುವುದು ಜಾಗತಿಕ ವೇಳೆಯಾದ ಯುಟಿಸಿಯಲ್ಲಿ, ಆಮೇಲೆ ಕೇಳಿ ಅದನ್ನು ತುಂಬಿಸುವಾಗ ನಮ್ಮ ವೇಳೆಯಿಂದ ಐದೂವರೆ ಗಂಟೆ ಕಳೆಯಲು ಮರೆಯಬೇಡಿ.

ನನಗೆ ಎಲ್ಲರೂ ಕೇಳಿಸ್ತಾರೆ, ನನಗೆ ಮಾತ್ರ ಯಾರೂ ಉತ್ತರ ಕೊಡಲ್ಲ. ಯಾಕೆ?

ಟೋನ್ ನಿಜವಾಗಿ ಹೋಗುತ್ತಿದೆಯೇ ಎಂದು ಇನ್ನೊಂದು ಸೆಟ್ಟಿನಲ್ಲಿ ನೋಡಿ. ಎಸ್‌ಒ-50ಕ್ಕೆ ಇನ್ನೊಂದು ಸೂಕ್ಷ್ಮವಿದೆ. ಅದರೊಳಗೆ ಹತ್ತು ನಿಮಿಷದ ಗಡಿಯಾರವಿದೆ, ಯಾರಾದರೂ 74.4 ಹರ್ಟ್ಸ್ ಟೋನ್ ಹಾಕಿ ಎರಡು ಸೆಕೆಂಡು ಕಳಿಸಿದರೆ ರಿಪೀಟರ್ ಏಳುತ್ತದೆ. ಪಾಸಿನಲ್ಲಿ ಯಾರ ದನಿಯೂ ಇಲ್ಲದಿದ್ದರೆ ನೀವೇ ಎಬ್ಬಿಸಬೇಕು. ಅದಕ್ಕೆಂದೇ ಆರನೆಯ ಚಾನೆಲ್ ಒಂದನ್ನು ತುಂಬಿಡಿ.

ಇವೆರಡೂ ಸರಿಯಿದ್ದರೆ ಕಾರಣ ಎಫ್‌ಎಂನ ಸ್ವಭಾವ. ಇಬ್ಬರು ಒಟ್ಟಿಗೆ ಕಳಿಸಿದರೆ ಗಟ್ಟಿಯಾದದ್ದು ಗೆಲ್ಲುತ್ತದೆ, ಇನ್ನೊಂದು ಅಳಿಸಿಯೇ ಹೋಗುತ್ತದೆ. ಅದಕ್ಕೆ ಪರಿಹಾರ ಹೆಚ್ಚು ಶಕ್ತಿಯಲ್ಲ. ವಾರಾಂತ್ಯದ ಸಂಜೆ ಬಿಟ್ಟು ವಾರದ ನಡುವಿನ ಬೆಳಗಿನ ಜಾವಕ್ಕೆ ಬನ್ನಿ. ಆಗ ಚಾನೆಲ್ ಖಾಲಿ ಇರುತ್ತದೆ, ಇರುವ ಒಬ್ಬಿಬ್ಬರು ಹೊಸಬರಿಗಾಗಿ ಕಾಯುತ್ತಾರೆ.

ಮಾಳಿಗೆ ಮೇಲೆ ಆಂಟೆನಾ ಬೀಸ್ತಾ ನಿಂತ್ರೆ ಅಕ್ಕಪಕ್ಕದವರು ಗಾಬರಿ ಆಗಲ್ವಾ?

ಆಗುತ್ತಾರೆ, ಅದು ಸಹಜ. ಲೈಸೆನ್ಸಿನ ನಕಲು ಜೇಬಿನಲ್ಲಿರಲಿ. ಕೇಳಿದವರಿಗೆ ಸಿಟ್ಟು ತೋರಿಸದೆ ಸೆಟ್ಟಿನ ದನಿ ಏರಿಸಿ ಕೇಳಿಸಿ. ನಮ್ಮ ಪಕ್ಕದ ಮನೆಯ ಅಜ್ಜಿ ಈಗ 'ಇವತ್ತು ಎಷ್ಟೊತ್ತಿಗೆ ಬರುತ್ತಪ್ಪಾ ಅದು?' ಎಂದು ತಾವೇ ವಿಚಾರಿಸುತ್ತಾರೆ. ವಿಮಾನ ನಿಲ್ದಾಣ, ರಕ್ಷಣಾ ನೆಲೆಗಳ ಹತ್ತಿರ ಮಾತ್ರ ಈ ಕೆಲಸ ಬೇಡ. ಆಕಾಶ ನೋಡುತ್ತ ಹಿಂದೆ ಹಿಂದೆ ನಡೆಯುವುದು, ವಿದ್ಯುತ್ ತಂತಿಯ ಬಳಿ ಆಂಟೆನಾ ಎತ್ತುವುದು ಎರಡೂ ಜೀವಕ್ಕೆ ಅಪಾಯ. ನಿಲ್ಲುವ ಜಾಗ ಮೊದಲೇ ನೋಡಿಕೊಂಡು, ಅಲ್ಲೇ ನಿಂತು ಸೊಂಟದಿಂದ ಮೇಲೆ ಮಾತ್ರ ತಿರುಗಿ.

## ಇನ್ನಷ್ಟು ಮುಂದೆ

ನನ್ನ ದನಿ ಉಪಗ್ರಹದಿಂದ ನನಗೇ ವಾಪಸ್ ಕೇಳಬೇಕು ಅಂತಾರಲ್ಲ, ಅದು ಹೇಗೆ?

ಕಳಿಸುತ್ತಿರುವಾಗಲೇ ಕೇಳಲು ಬರುವುದಕ್ಕೆ ಫುಲ್ ಡ್ಯೂಪ್ಲೆಕ್ಸ್ ಎನ್ನುತ್ತಾರೆ. ಕೆನ್‌ವುಡ್ ಟಿಎಚ್-ಡಿ72ರಂಥ ಕೆಲವೇ ಹ್ಯಾಂಡಿಗಳಲ್ಲಿ ಅದಿದೆ. ಸುಲಭದ ದಾರಿ ಎಂದರೆ ಎರಡು ಅಗ್ಗದ ಸೆಟ್ಟು. ಒಂದರಲ್ಲಿ ಕಳಿಸಿ, ಇನ್ನೊಂದರಲ್ಲಿ ಇಯರ್‌ಫೋನ್ ಹಾಕಿ ಕೇಳಿ. ಎರಡು ಬ್ಯಾಂಡಿಗೂ ಬೇರೆ ಬೇರೆ ಕೇಬಲ್ ಇರುವ ಯಾಗಿಯಾದರೆ ಒಂದೊಂದನ್ನು ಒಂದೊಂದು ಸೆಟ್ಟಿಗೆ ಜೋಡಿಸಬಹುದು, ನಡುವೆ ಡಿಪ್ಲೆಕ್ಸರ್ (ಎರಡು ಬ್ಯಾಂಡನ್ನು ಬೇರ್ಪಡಿಸುವ ಪೆಟ್ಟಿಗೆ) ಬೇಕಿಲ್ಲ. ತನ್ನ ದನಿ ವಾಪಸ್ ಕೇಳದವರು ಬೇರೆಯವರ ಮಾತಿನ ಮೇಲೆ ಮಾತಾಡುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಇದನ್ನು ನಾನು ಮರ್ಯಾದೆಯ ಮಾತೆಂದೇ ತಿಳಿದಿದ್ದೇನೆ.

ಒಂದು ತೊಡಕಿದೆ. ಪಿಟಿಟಿ ಒತ್ತಿದೊಡನೆ ಕೇಳುವ ಸೆಟ್ಟು ಕಿವುಡಾಗಬಹುದು. ಕಳಿಸುವ ಸೆಟ್ಟಿನಿಂದ ಮೂರರಷ್ಟು ಫ್ರೀಕ್ವೆನ್ಸಿಯಲ್ಲೂ ಸ್ವಲ್ಪ ಸೋರುತ್ತದೆ. 145.850ನ್ನು ಮೂರರಿಂದ ಗುಣಿಸಿ ನೋಡಿ, 437.550. ನೀವು ಕೇಳುತ್ತಿರುವ 436.795 ಅದರ ಪಕ್ಕದಲ್ಲೇ ಇದೆ. ನಿಲ್ದಾಣದ್ದು ಇನ್ನೂ ಹತ್ತಿರ: 145.990ರ ಮೂರರಷ್ಟು 437.970, ಕೇಳುವುದು 437.800. ಸೆಟ್ಟುಗಳನ್ನು ಕೈಯಳತೆ ದೂರದಲ್ಲಿಡಿ, ಕಳಿಸುವ ಶಕ್ತಿಯನ್ನು ಕಡಿಮೆ ಮಾಡಿ ನೋಡಿ, ಕೇಳುವ ಕಡೆಗೆ ಎರಡು ಮೀಟರನ್ನು ತಡೆಯುವ ಫಿಲ್ಟರ್ ಹಾಕಿ. ಮೂರರಲ್ಲಿ ಒಂದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

ನಿಲ್ದಾಣದಲ್ಲಿರೋ ಗಗನಯಾತ್ರಿಗಳು ನನ್ನ ಜೊತೆ ಮಾತಾಡ್ತಾರಾ?

ಬಿಡುವಿದ್ದಾಗ ಅವರು ಮೈಕ್ ಹಿಡಿಯುವುದುಂಟು, ಆದರೆ ನಂಬಿ ಕೂರಲಾಗದು. ಮೊದಲೇ ಗೊತ್ತುಮಾಡಿದ ಶಾಲಾ ಸಂಪರ್ಕಗಳು ನಡೆಯುತ್ತಲೇ ಇರುತ್ತವೆ. ನಿಲ್ದಾಣ ನಿಮ್ಮ ಆಕಾಶದಲ್ಲಿದ್ದರೆ ಅವರ ಉತ್ತರಗಳನ್ನು 145.800ರಲ್ಲಿ ನೀವೂ ಕೇಳಬಹುದು. ಆಕ್ಸಿಯಂ-4 ಯಾತ್ರೆಯಲ್ಲಿದ್ದ ಶುಭಾಂಶು ಶುಕ್ಲಾ 2025ರ ಜುಲೈನಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಹ್ಯಾಮ್ ರೇಡಿಯೊ ಮೂಲಕವೇ ಮಾತಾಡಿದರು. ಆ ಕೇಂದ್ರದಲ್ಲಿ 'ಉಪಗ್ರಹ' ಎಂಬ ಹೆಸರಿನದೇ ಹ್ಯಾಮ್ ಕ್ಲಬ್ ಇದೆ.

ಆಗಾಗ ಅದೇ 145.800ರಲ್ಲಿ ಚಿತ್ರಗಳನ್ನೂ ಕಳಿಸುತ್ತಾರೆ. ಒಂದು ಚಿತ್ರಕ್ಕೆ ಸುಮಾರು ಎರಡು ನಿಮಿಷ. ಫೋನಿನಲ್ಲಿ ರೋಬೋಟ್36 ಆ್ಯಪ್ ತೆರೆದು ಸೆಟ್ಟಿನ ಸ್ಪೀಕರಿಗೆ ಹಿಡಿದರೆ ಚಿತ್ರ ಗೆರೆ ಗೆರೆಯಾಗಿ ಬಿಡಿಸಿಕೊಳ್ಳುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಲೀನಿಯರ್ ಉಪಗ್ರಹಗಳಲ್ಲೂ ನನ್ನ ಹ್ಯಾಂಡಿ ನಡೆಯುತ್ತಾ?

ಎಫ್‌ಎಂ ಹ್ಯಾಂಡಿಯಿಂದ ದಯವಿಟ್ಟು ಅಲ್ಲಿಗೆ ಹೋಗಬೇಡಿ. ಲೀನಿಯರ್ ಟ್ರಾನ್ಸ್‌ಪಾಂಡರ್ ಒಟ್ಟಿಗೆ ಹಲವರನ್ನು ಹೊರುತ್ತದೆ, ಇರುವ ಶಕ್ತಿಯನ್ನು ಎಲ್ಲರಿಗೂ ಹಂಚುತ್ತದೆ. ಎಸ್ಎಸ್‌ಬಿ (ಕಡಿಮೆ ಶಕ್ತಿ ಬೇಡುವ ಮಾತಿನ ವಿಧಾನ) ಅಥವಾ ಮೋರ್ಸ್‌ನಲ್ಲಿ ಬಂದವರು ಮಾತಾಡುವಾಗಷ್ಟೇ ಶಕ್ತಿ ತೆಗೆದುಕೊಳ್ಳುತ್ತಾರೆ. ಎಫ್‌ಎಂ ಕ್ಯಾರಿಯರ್ (ಮಾತನ್ನು ಹೊರುವ ಮೂಲ ಅಲೆ) ಪಿಟಿಟಿ ಒತ್ತಿದಷ್ಟು ಹೊತ್ತೂ ಎಲ್ಲರ ಪಾಲನ್ನೂ ನುಂಗುತ್ತದೆ. ನಮ್ಮ ಹ್ಯಾಮ್‌ಸ್ಯಾಟ್ ಕೂಡ ಲೀನಿಯರೇ ಆಗಿತ್ತು.

ಈ ದಾರಿಯಲ್ಲಿ ಆಸೆಯಿದ್ದರೆ ಎಸ್ಎಸ್‌ಬಿ ಇರುವ ಚಿಕ್ಕ ಸೆಟ್ಟು ಕಳಿಸಲಿಕ್ಕೆ, ಅಗ್ಗದ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ರಿಸೀವರ್) ಕೇಳಲಿಕ್ಕೆ ಇಟ್ಟುಕೊಳ್ಳಿ. ಕೈಯ ಯಾಗಿ ಅದೇ ನಡೆಯುತ್ತದೆ. ಮೊದಲ ಗುರಿಯಾಗಿ ಎಒ-7ನ್ನು ಹುಡುಕಿ. 1974ರ ನವೆಂಬರ್ 15ರಂದು ಹಾರಿದ ಅದು 1981ರಲ್ಲಿ ಬ್ಯಾಟರಿ ಸತ್ತು ಸುಮ್ಮನಾಯಿತು. ಇಪ್ಪತ್ತೊಂದು ವರ್ಷದ ಮೇಲೆ, 2002ರ ಜೂನ್‌ನಲ್ಲಿ ಅದರ ದನಿ ಮತ್ತೆ ಕೇಳಿಬಂತು. ಬ್ಯಾಟರಿಯೊಳಗಿನ ಶಾರ್ಟ್ ಬಿಟ್ಟುಕೊಂಡು, ಸೌರಫಲಕದಿಂದ ನೇರವಾಗಿ ಓಡತೊಡಗಿತ್ತು. ಹಾಗಾಗಿ ಅದನ್ನು ಬಿಸಿಲಿನಲ್ಲಿರುವಾಗ ಮಾತ್ರ ಹುಡುಕಬೇಕು. ಕಳಿಸುವ ಶಕ್ತಿ ಆದಷ್ಟು ಕಡಿಮೆ ಇರಲಿ, ದನಿ ನಡುಗಿತೆಂದರೆ ಇನ್ನೂ ಇಳಿಸಿ.